ಕೆಲಸವಿಲ್ಲದೆ ಬಳ್ಳಾರಿಗೆ ಹೋದ ಜಂಬಮ್ಮ

ಕುರುಗೋಡಿನ ಹಿಟ್ಟಿನ ಗಿರಣಿಯ ಜಂಬಮ್ಮ ಒಂದು ಕಡೆ ಸುಮ್ಮನೆ ಕೂತದ್ದನ್ನು ಕಂಡವರು ಊರಲ್ಲಿ ಕಡಿಮೆ. ಗಿರಣಿಯ ಬಾಯಿಗೆ ಜೋಳ ಸುರಿಯುತ್ತಲೇ ಸರತಿಯಲ್ಲಿದ್ದ ಬುಟ್ಟಿಗಳನ್ನು ಮುಂದಕ್ಕೆ ಎಳೆಯುವಳು, ಒಬ್ಬರಿಗೆ ಜವಾಬು ಕೊಡುತ್ತ ಇನ್ನೊಬ್ಬರನ್ನು ಕಣ್ಣಲ್ಲೇ ಗದರುವಳು, ನಡುವೆ ಓಡಿಹೋಗಿ ಒಲೆಯ ಮೇಲಿನ ಬೇಳೆ ತಿರುವಿ ಬರುವಳು. ರೆಪ್ಪೆಯ ಮೇಲೂ ಹಿಟ್ಟು. ಗಂಡ ಕಾಡಸಿದ್ದಪ್ಪನದು ಇದಕ್ಕೆ ಪೂರ್ತಿ ಉಲ್ಟಾ. ಬೆಳಿಗ್ಗೆ ಸ್ವಿಚ್ಚಿನ ಪಕ್ಕದ ಸ್ಟೂಲಿನ ಮೇಲೆ ಕೂತನೆಂದರೆ ಗೂಟ ಹೊಡೆದ ಹಾಗೆ. ಅತ್ತೆ ಚನ್ನವೀರಮ್ಮ ಸೊಸೆಯನ್ನು ನೋಡಿ, "ಬಾಲ ಸುಟ್ಟ ಬೆಕ್ಕಾಗೇತಿ ಇದು" ಅನ್ನುತ್ತಿದ್ದಳು. ಅದರಲ್ಲಿ ಬೈಗುಳ ಎಷ್ಟು, ಮೆಚ್ಚುಗೆ ಎಷ್ಟು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಚನ್ನವೀರಮ್ಮನ ಮುಖದಲ್ಲಿ ಅಂಥದ್ದೆಲ್ಲ ಕಾಣುವುದು ಅಪರೂಪ.

ಈ ಚಡಪಡಿಕೆಗೆ ಮೊದಲ ಕಾರಣ ಆಕೆಯ ರಕ್ತವೇ ಇರಬಹುದು. ಎರಡನೆಯ ಕಾರಣ ಮಾತ್ರ ನನಗೆ ಖಚಿತವಾಗಿ ಗೊತ್ತು. ಅದು ಬಳ್ಳಾರಿಯ ಕೋಟೆ.

ಮದುವೆಯಾಗಿ ಸಿರುಗುಪ್ಪದಿಂದ ಗಂಡನ ಮನೆಗೆ ಬರುವಾಗ ಬಳ್ಳಾರಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಸಿರುಗುಪ್ಪದ ಹುಡುಗಿಗೆ ಹೊಳೆ ಗೊತ್ತು, ಕಣ್ಣು ಹಾಯುವಷ್ಟು ದೂರ ಭತ್ತದ ಗದ್ದೆ ಗೊತ್ತು. ಊರಿನ ಎದೆಯ ಮೇಲೆ ಕೂತಂಥ ಆ ಕಲ್ಲಿನ ಗುಡ್ಡ, ಅದರ ನೆತ್ತಿಯ ಮೇಲೆ ಗೋಡೆ ಎಬ್ಬಿಸಿ ಕಟ್ಟಿದ ಕೋಟೆ, ಇಂಥದ್ದನ್ನು ಆಕೆ ಕಂಡಿರಲಿಲ್ಲ. ಬಸ್ಸಿಗೆ ಕಾಯುತ್ತ ಕತ್ತು ಎತ್ತಿ ನೋಡಿದಳು. ಗೋಡೆಯ ಅಂಚಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಇರುವೆಯಷ್ಟೇ ಕಾಣುತ್ತಿದ್ದಳು, ಆದರೆ ಸೆರಗು ಗಾಳಿಗೆ ಹಾರುವುದು ಮಾತ್ರ ಕಾಣುತ್ತಿತ್ತು.

"ಆಕಿ ಅಲ್ಲಿಗ್ಯಾಕ ಹೋಗ್ಯಾಳ್ರಿ?" ಎಂದು ಹೊಸ ಗಂಡನನ್ನು ಕೇಳಿದಳು. ಮದುವೆಯಾದ ಮೇಲೆ ಆತನೊಂದಿಗೆ ಆಡಿದ ಮೊದಲ ಮಾತು ಅದು.

"ಕೆಲಸಿಲ್ಲದಾಕಿ ಇರಬೇಕು," ಎಂದ ಕಾಡಸಿದ್ದಪ್ಪ. ಹುಡುಗಿಯ ಮುಖ ಸಣ್ಣದಾದದ್ದು ಕಂಡು, "ಮುಂದಿನ ಸಲ ಬಂದಾಗ ನಿನ್ನೂ ಕರ್ಕಂಡು ಹೋಗ್ತೀನಿ ಬಿಡು," ಎಂದೂ ಸೇರಿಸಿದ.

ಮುಂದಿನ ಸಲಗಳು ಬಂದವು, ಬಾರದೆ ಏನು. ನಾದಿನಿಯ ಬಾಣಂತನಕ್ಕೆಂದು ಬಂದಾಗ ದವಾಖಾನೆಯ ವರಾಂಡದಿಂದ ಗುಡ್ಡ ಕಂಡಿತು. ಹೊಲದ ತಕರಾರಿಗೆ ಕೋರ್ಟಿಗೆ ಬಂದಾಗ ಬೇವಿನ ಮರದ ಸಂದಿಯಿಂದ ಕಂಡಿತು. ಗಿರಣಿಯ ಮೋಟರು ಸುಟ್ಟಾಗ, ಮಾವ ತೀರಿಕೊಂಡಾಗ, ಮಗನ ಕೈ ಮುರಿದಾಗ, ಎಲ್ಲ ಸಲವೂ ಗುಡ್ಡ ಅಲ್ಲೇ ಇತ್ತು. ಆಕೆ ಮಾತ್ರ ಕೆಳಗೆ, ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಕೂಸು, ತಲೆಯಲ್ಲಿ ಕೊನೆಯ ಬಸ್ಸು. ಬಳ್ಳಾರಿಯ ವಾರ್ಡುಗಳು, ಕಚೇರಿಗಳು ಆಕೆಗೆ ತವರಿನಷ್ಟು ಪರಿಚಯವಾದವು. ಬಳ್ಳಾರಿ ಮಾತ್ರ ಆಗಲಿಲ್ಲ.

ಎಪ್ಪತ್ತರ ದಶಕದ ನಡುವೆ ಕರೆಂಟಿನ ಕಾಟ ಶುರುವಾಯಿತು. ವಾರದಲ್ಲಿ ಒಂದು ದಿನ ಹಗಲೆಲ್ಲ ತೆಗೆದುಬಿಡುತ್ತಿದ್ದರು. ಗಿರಣಿ ಬಂದ್. ಊರೆಲ್ಲ ಸರ್ಕಾರವನ್ನು ಶಪಿಸುವಾಗ ಜಂಬಮ್ಮನ ತಲೆಯಲ್ಲಿ ಬೇರೆಯೇ ಲೆಕ್ಕ ಓಡಿತು. ಮಕ್ಕಳು ದೊಡ್ಡವರಾಗಿದ್ದಾರೆ, ಸಾಲೆಗೆ ಹೋಗುತ್ತಾರೆ. ಗಿರಣಿ ಹೇಗೂ ನಿಂತಿರುತ್ತದೆ. ಇನ್ನೇನು ಬೇಕು? ಎರಡು ವಾರ ಒಳಗೊಳಗೇ ಕುದಿದಳು. ಬೆಳಗಿನ ಬಸ್ಸು ಯಾವುದು, ಗುಡ್ಡಕ್ಕೆ ಯಾವ ಕಡೆಯಿಂದ ಮೆಟ್ಟಿಲು, ಹೆಂಗಸರು ಒಬ್ಬರೇ ಹತ್ತುತ್ತಾರಾ ಎಂದು ಹಿಟ್ಟು ಬೀಸಿಸಲು ಬಂದವರನ್ನೆಲ್ಲ ಸುತ್ತು ಬಳಸಿ ಕೇಳಿದಳು. ಕೊನೆಗೊಂದು ಸಂಜೆ ರೊಟ್ಟಿ ಬಡಿಸುತ್ತ ಹೇಳಿಯೇ ಬಿಟ್ಟಳು.

"ನಾಳಿ ನಾ ಬಳ್ಳಾರಿಗೆ ಹೋಗ್ತೀನಿ."

ಕಾಡಸಿದ್ದಪ್ಪನ ಕೈಯ ತುತ್ತು ಅಲ್ಲೇ ನಿಂತಿತು. "ಯಾಕ? ಯಾರಿಗೇನಾತು?"

"ಯಾರಿಗೂ ಏನೂ ಆಗಿಲ್ಲ. ಕೋಟಿ ನೋಡಾಕ."

"ಗುಡ್ಡ ಹತ್ತಬೇಕಂದ್ರ ನಮ್ಮೂರಾಗ ಇಲ್ಲೇನಲೇ? ಹಿತ್ತಲಾಗ ನಿಂತ್ರ ಗುಡ್ಡ!"

"ಆ ಗುಡ್ಡಕ್ಕ ಕಟ್ಟಿಗಿ ತರಾಕ ಹೋಗೀನಿ, ತಪ್ಪಿಸ್ಕ್ಯಂಡ ಎಮ್ಮಿ ಹುಡುಕಾಕ ಹೋಗೀನಿ. ಇದಕ್ಕ ಸುಮ್ಮನ ಹೋಗ್ತೀನಿ."

ಸುಮ್ಮನೆ ಹೋಗುವುದೆಂದರೇನು ಎಂದು ಆ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕಾಡಸಿದ್ದಪ್ಪ ಕೆಟ್ಟವನಲ್ಲ, ಹೆಂಡತಿಗೆ ಕೈ ಎತ್ತಿದವನಲ್ಲ. ಆದರೆ ಬಸ್ಸಿನ ಚಾರ್ಜು ಕೊಟ್ಟು ಬರಿಗೈಲಿ ಹೋಗಿ ಬರಿಗೈಲಿ ಬರುವುದು ಆತನ ತಲೆಗೆ ಹತ್ತುವ ಮಾತೇ ಆಗಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ದಾರಿ ಸಿಕ್ಕವನಂತೆ ಮುಖ ಅರಳಿಸಿದ. "ಹೆಂಗೂ ಹೊಂಟೀಯಲ್ಲ, ಗಿರಣಿ ಬೆಲ್ಟು ಹರಿಯಾಕ ಬಂದೈತಿ. ಅದನ್ನ ಜೋಡಿಸ್ಕ್ಯಂಡು ಬಾ. ಅದಿಲ್ಲಂದ್ರ ನಾಡಿದ್ದು ಗಿರಣಿ ತಿರುಗಂಗಿಲ್ಲ."

ಗೋಡೆಗೆ ಒರಗಿ ಕೂತಿದ್ದ ಚನ್ನವೀರಮ್ಮ, "ನನ್ನ ಮಣಕಾಲಿಗೆ ತೈಲ ತಗಂಡು ಬಾ, ಕಾಗದ ಕೊಡ್ತೀನಿ," ಎಂದಳು. ಸೊಸೆಯನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ ಮತ್ತೆ ಮುಖ ತಿರುಗಿಸಿದಳು.

ಬೆಳಿಗ್ಗೆ ಬಾಗಿಲು ದಾಟುವಷ್ಟರಲ್ಲಿ ಪಕ್ಕದ ಮನೆಯ ಸತ್ಯಮ್ಮ ಸೀರೆಯ ತುದಿಯಿಂದ ಒಂದು ಚೂರು ಕತ್ತರಿಸಿಕೊಂಡು ಓಡಿ ಬಂದಳು. ಅದೇ ಬಣ್ಣದ ಕುಬಸದ ಬಟ್ಟೆ ಬೇಕು, ಒಂಚೂರೂ ಹೆಚ್ಚುಕಡಿಮೆ ಆಗಬಾರದು. ಕಾಡಸಿದ್ದಪ್ಪನ ತಂಗಿಯ ಮನೆ ಪಾರ್ವತಿನಗರದಲ್ಲಿತ್ತು. ಬಳ್ಳಾರಿಗೆ ಹೋಗಿ ಅಲ್ಲಿಗೆ ಹೋಗದಿದ್ದರೆ ವರ್ಷವಿಡೀ ಮಾತು ಕೇಳಬೇಕು, ಹೋಗುವುದಾದರೆ ಬರಿಗೈಲಿ ಹೋಗುವಂತಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಪುಡಿ ಗಂಟು ಕಟ್ಟಿಕೊಂಡಳು. ಬಸ್ಸು ಹತ್ತುವಾಗ ಜಂಬಮ್ಮನ ಹೆಗಲ ಮೇಲೆ ಸುರುಳಿ ಸುತ್ತಿದ ಬೆಲ್ಟು, ಒಂದು ಕೈಯಲ್ಲಿ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಚೀಲ. ಕೋಟೆ ನೋಡಲು ಹೊರಟವಳ ಹಾಗೆ ಖಂಡಿತ ಕಾಣುತ್ತಿರಲಿಲ್ಲ. ದುಡಿಯಲು ದೇಶಾಂತರ ಹೊರಟವಳ ಹಾಗಿದ್ದಳು.

ಬಳ್ಳಾರಿಯಲ್ಲಿ ಇಳಿದೊಡನೆ ಬೆಲ್ಟಿನ ಅಂಗಡಿಗೆ ಹೋದಳು. ಅಂಗಡಿಯವ ತೆಲುಗಿನವನು, ಬಹಳ ಮರ್ಯಾದಸ್ಥ. "ಪೆಟ್ಟಮ್ಮಾ, ಮಧ್ಯಾಹ್ನಂ ರಾ," ಎಂದ. ಇಟ್ಟು, ಮಧ್ಯಾಹ್ನ ಬರುವೆನೆಂದು ಹೊರಟಳು. ಪಾರ್ವತಿನಗರದಲ್ಲಿ ನಾದಿನಿ ಗಂಟು ಒಳಗಿಟ್ಟು, ಉಣ್ಣದೆ ಹೋದರೆ ನನ್ನಾಣೆ ಎಂದಳು. ಅಡಿಗೆ ಇನ್ನೂ ಆಗಿರಲಿಲ್ಲ. ಒಲೆಯ ಮುಂದೆ ಕೂತು ತಾನೇ ಹೋಳಿಗೆ ತಟ್ಟಲು ಶುರುಮಾಡಿದ ಜಂಬಮ್ಮನಿಗೆ ಒಳಗೆ ಬೆಂಕಿ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ, ಕಣ್ಣು ಕಿಟಕಿ ಬಿಟ್ಟು ಬರುತ್ತಿಲ್ಲ. "ಯಾಕಬೇ, ಹೊಟ್ಟ್ಯಾಗ ಏನರ ತ್ರಾಸು ಐತೇನು?" ಎಂದಳು ನಾದಿನಿ. ಹೌದು ಎಂದಿದ್ದರೆ ದವಾಖಾನೆಗೆ ಕರೆದೊಯ್ಯುತ್ತಿದ್ದಳು. ಜಂಬಮ್ಮ ಇನ್ನೊಂದು ಹೋಳಿಗೆ ತಟ್ಟಿದಳು.

ಕುಬಸದ ಬಟ್ಟೆಗೆ ನಾಲ್ಕು ಅಂಗಡಿ ಹತ್ತಿ ಇಳಿದಳು. ಸತ್ಯಮ್ಮನ ಸೀರೆಯ ಬಣ್ಣ ಬಳ್ಳಾರಿಯಲ್ಲೇ ಇರಲಿಲ್ಲ. ಕೊನೆಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬೆಲ್ಟಿನ ಅಂಗಡಿಗೆ ಬಂದಾಗ ಬಿಸಿಲು ವಾಲಿತ್ತು. ಬೆಲ್ಟು ಬೆಳಿಗ್ಗೆ ಇಟ್ಟ ಜಾಗದಲ್ಲೇ ಸುರುಳಿಯಾಗಿ ಮಲಗಿತ್ತು.

"ಕೂರ್ಚೋಮ್ಮಾ, ಇಪ್ಪುಡೇ ಐಪೋತುಂದಿ," ಎಂದು ಅಂಗಡಿಯವ ಸ್ಟೂಲು ಒರೆಸಿ ಕೊಟ್ಟ. ಕೂತರೆ ಈಗಲೇ ಆಗಿಬಿಡುತ್ತದೆ ಅನ್ನುವ ಆ ಮಾತನ್ನು ಜಂಬಮ್ಮ ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಕೂತಳು. ಎದ್ದಳು. ಮತ್ತೆ ಕೂತಳು. ಎದುರಿನ ಮಾಳಿಗೆಗಳ ಮೇಲಿಂದ ಗುಡ್ಡ ಇಣುಕುತ್ತಿತ್ತು. ಇಲ್ಲಿ ಕಾದು ಬೆಲ್ಟು ತೆಗೆದುಕೊಂಡು, ತೈಲದ ಅಂಗಡಿ ಮುಗಿಸಿದರೆ ನೇರ ಕೊನೆಯ ಬಸ್ಸು. ಗುಡ್ಡ ಹತ್ತಿದರೆ ಬೆಲ್ಟಿಲ್ಲ, ತೈಲವಿಲ್ಲ. ಗಿರಣಿ ನಿಂತರೆ ಜನ ಬುಟ್ಟಿ ಹೊತ್ತು ಬೇರೆ ಗಿರಣಿಗೆ ಹೋಗುತ್ತಾರೆ, ಹೋದವರು ತಿರುಗಿ ಬರುವ ಗ್ಯಾರಂಟಿ ಇಲ್ಲ. ಅದು ಆಕೆಗೆ ಗೊತ್ತಿತ್ತು. ಈ ಸಲ ಹತ್ತದಿದ್ದರೆ ಇನ್ನು ಯಾವತ್ತೂ ಇಲ್ಲ ಅನ್ನುವುದೂ ಗೊತ್ತಿತ್ತು.

ಒಮ್ಮೆಲೇ ಪಿತ್ತ ನೆತ್ತಿಗೇರಿತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. "ನಿಮ್ಮ ಬೆಲ್ಟು ನಿಮ್ಮ ಹತ್ರಾನ ಇರ್ಲಿ!" ಎಂದು ಆ ಪಾಪದ ಮನುಷ್ಯನಿಗೆ ಅಂದು, ತನ್ನದೇ ಬೆಲ್ಟು ಎಂಬುದನ್ನೂ ಮರೆತು, ಚೀಲ ಬಾಚಿಕೊಂಡು ನಡೆದೇಬಿಟ್ಟಳು.

ಮೆಟ್ಟಿಲು ಶುರುವಾಗುವಲ್ಲಿ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಕಲ್ಲು ಇನ್ನೂ ಕಾದಿತ್ತು. ದೊಡ್ಡ ದೊಡ್ಡ ಬಂಡೆಗಳ ನಡುವೆ ದಾರಿ ಸುತ್ತಿ ಸುತ್ತಿ ಏರುತ್ತಿತ್ತು. ಎದುರಿಗೆ ಇಳಿದು ಬರುತ್ತಿದ್ದ ಇಬ್ಬರು ಗಂಡಸರು, "ಯಾರನ್ನ ಹುಡುಕಾಕತ್ತೀರಮ್ಮಾ?" ಎಂದರು. "ಯಾರನ್ನೂ ಇಲ್ಲ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನಡೆದಳು. ಹೆದರಿಕೆ ಆಗಲಿಲ್ಲವೆಂದಲ್ಲ, ಆಯಿತು. ಆದರೆ ನಿಂತರೆ ವಾಪಸು ಹೋಗಿಬಿಟ್ಟೇನು ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಮೇಲೆ ಏನಿತ್ತು? ಬಿರುಕು ಬಿಟ್ಟ ಗೋಡೆಗಳು, ಬಂಡೆಯ ಕುಳಿಯಲ್ಲಿ ಹಸಿರುಗಟ್ಟಿದ ನೀರು, ಎರಡು ಆಡು. ಜಂಬಮ್ಮ ಗೋಡೆಗೆ ಒರಗಿ ಕೂತಳು. ಕೆಳಗೆ ಇಡೀ ಬಳ್ಳಾರಿ, ಅದರಾಚೆ ಹೊಲ, ಅದರಾಚೆ ಧೂಳು. ದವಾಖಾನೆ ಯಾವುದು, ಕೋರ್ಟು ಯಾವುದು ಎಂದು ಗುರುತು ಹಚ್ಚಲು ನೋಡಿ ಬಿಟ್ಟುಬಿಟ್ಟಳು. ಯಾರೂ ಕರೆಯಲಿಲ್ಲ. ಯಾರ ಕೂಸೂ ಅಳಲಿಲ್ಲ. ಮೊದಲು ಖುಷಿಯಾಯಿತು, ಎಷ್ಟೆಂದರೆ ಒಬ್ಬಳೇ ನಕ್ಕಳು. ಆಮೇಲೆ ಅಳು ಬಂತು. ಹತ್ತಲು ಹಿಡಿದದ್ದು ಒಂದು ಪಾತ್ರೆ ಬೇಳೆ ಬೇಯುವಷ್ಟು ಹೊತ್ತು. ಇಷ್ಟಕ್ಕೆ ಇಷ್ಟು ವರ್ಷ! ಮನೆಯವರ ಮೇಲೆ ಸಿಟ್ಟು ಬಂತು, ಒಮ್ಮೆಯೂ ಹಠ ಹಿಡಿಯದ ತನ್ನ ಮೇಲೆ ಇನ್ನೂ ಹೆಚ್ಚು ಬಂತು. ಸಿಟ್ಟಿನಲ್ಲೇ ಎದ್ದು ಕೋಟೆಯ ಗೋಡೆಯ ಗುಂಟ ಒಂದು ಸುತ್ತು ಹಾಕಿದಳು. ಆಮೇಲೆ ಓಡುತ್ತ ಇಳಿದು ಕೊನೆಯ ಬಸ್ಸು ಹಿಡಿದಳು.

ಗಂಡ ಬಸ್ ನಿಲ್ಲುವಲ್ಲೇ ಕಾಯುತ್ತಿದ್ದ. ಬಂದವಳ ಹೆಗಲು ನೋಡಿದ, ಕೈ ನೋಡಿದ.

"ಬೆಲ್ಟೆಲ್ಲಿ?"

"ಅಂಗಡ್ಯಾಗ ಐತಿ. ಕಾಯಲಿಲ್ಲ ನಾನು. ಗುಡ್ಡ ಹತ್ತಿ ಬಂದೆ."

ಕಾಡಸಿದ್ದಪ್ಪ ಕೂಗಾಡಿದ್ದರೆ ಆಕೆಗೂ ಸಲೀಸಾಗುತ್ತಿತ್ತು, ಉತ್ತರವನ್ನು ದಾರಿಯುದ್ದಕ್ಕೂ ಮಸೆದುಕೊಂಡೇ ಬಂದಿದ್ದಳು. ಆತ ತಿರುಗಿ ಮನೆಯ ಕಡೆ ನಡೆದ. ಮನೆಗೆ ಬಂದು ಉಣ್ಣದೆ ಮಲಗಿದ. ಬೆಳಿಗ್ಗೆ ಮೊದಲ ಬಸ್ಸಿಗೆ ತಾನೇ ಬಳ್ಳಾರಿಗೆ ಹೋದ. ಸತ್ಯಮ್ಮ ಕುಬಸದ ಬಟ್ಟೆಯನ್ನು ಬೆಳಕಿಗೆ ಹಿಡಿದು ಮೂಗು ಮುರಿದು ಹೋದಳು. ಬುಟ್ಟಿ ಹೊತ್ತು ಬಂದ ಹೆಂಗಸರು ಮುಚ್ಚಿದ ಗಿರಣಿ ನೋಡಿ ಒಬ್ಬೊಬ್ಬರೇ ಮೇಲಿನ ಓಣಿಯ ಗಿರಣಿಯತ್ತ ನಡೆದರು. ಹೋದ ಬುಟ್ಟಿಗಳನ್ನೆಲ್ಲ ಜಂಬಮ್ಮ ಬಾಗಿಲಲ್ಲಿ ನಿಂತು ಎಣಿಸಿದಳು. ಮಾಡಿದ್ದು ತಪ್ಪು ಅನ್ನಿಸಿತು. ಒಮ್ಮೆಯೂ ಪಶ್ಚಾತ್ತಾಪ ಮಾತ್ರ ಆಗಲಿಲ್ಲ. ಹೀಗೂ ಆಗುತ್ತದೆ ಎಂದು ಆಕೆಗೇ ಆಶ್ಚರ್ಯ.

ಮಕ್ಕಳು ಸಾಲೆಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ. ಚನ್ನವೀರಮ್ಮ ತೈಲದ ಸುದ್ದಿ ಇನ್ನೂ ಎತ್ತಿರಲಿಲ್ಲ. ಈಗ ಬರುತ್ತದೆ, ಈಗ ಬರುತ್ತದೆ ಎಂದು ಜಂಬಮ್ಮ ಪಾತ್ರೆಗಳನ್ನು ಬೇಕೆಂದೇ ಜೋರಾಗಿ ತಿಕ್ಕುತ್ತಿದ್ದಳು. ಅತ್ತೆ ಮೊಣಕಾಲು ಒತ್ತಿಕೊಳ್ಳುತ್ತ ಬಾಗಿಲಿನ ಕಡೆ ಒಮ್ಮೆ ನೋಡಿದಳು. ಹೊರಗೆ ಯಾರೂ ಇರಲಿಲ್ಲ.

"ಜಂಬಿ," ಎಂದಳು. "ಮೆಟ್ಲು ಎತ್ತರದಾವೇನು?"

ಜಂಬಮ್ಮನ ಕೈ ನಿಂತಿತು.

"ಕೆಲವು ಎತ್ತರದಾವ್ರಿ ಅತ್ತಿ. ನಡುವ ಕುಂದ್ರಾಕ ಬಂಡೆಗಲ್ಲು ಅದಾವ."

"ಕುಂತು ಕುಂತು ಹತ್ತಿದ್ರ?"

"ಹತ್ತಬೌದ್ರಿ. ನಾ ಕೈ ಹಿಡೀತೀನಿ." ಜಂಬಮ್ಮ ಬೂದಿ ಕೈಯಲ್ಲೇ ಹತ್ತಿರ ಬಂದು ಕೂತಳು. ಎಷ್ಟು ಬೇಗ, ಯಾವ ಬಸ್ಸು ಎಂದು ತಲೆ ಓಡತೊಡಗಿತು, ಓಡುತ್ತಲೇ ಬಾಯಿಂದ ಮಾತು ಬಂತು: "ಬರೋ ವಾರ ಹೋಗೇಬಿಡಣ್ರಿ. ಹೋದಾಗ ದೊಡ್ಡ ದವಾಖಾನ್ಯಾಗ ನಿಮ್ಮ ಮಣಕಾಲೂ ತೋರಿಸ್ಕ್ಯಂಡು..."

ಚನ್ನವೀರಮ್ಮ ಸೊಸೆಯ ಕೈ ಹಿಡಿದು ನಿಲ್ಲಿಸಿದಳು.

"ದವಾಖಾನಿ ನೋಡೀನವ್ವಾ, ಕೋರ್ಟೂ ನೋಡೀನಿ. ನಿಮ್ಮ ಮಾವನ ಹೆಣಾನೂ ಅಲ್ಲಿಂದ್ಲೇ ತಂದೀನಿ," ಎಂದಳು. "ಗುಡ್ಡಕ್ಕಂದ್ರ ಬರ್ತೀನಿ. ಮತ್ತೊಂದು ಕೆಲಸ ಹಚ್ಚಿದ್ರ ನಾ ಬರಂಗಿಲ್ಲ."