ಅರ್ಧಚಂದ್ರದ ಕೆಳಗಿನ ಚುಕ್ಕಿ

ಮಸ್ಕಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕುರಿಯ ತಲೆ-ಕಾಲು ಸುಟ್ಟುಕೊಡುವ ಅಂಗಡಿಯೊಂದಿದೆ. ಶಾಲೆ ಮುಗಿಸಿ ಮನೆಗೆ ಬರುವಾಗ ನಾನು ಅದನ್ನು ದಾಟಿಯೇ ಬರಬೇಕು. ಕೂದಲು ಚುರುಗುಟ್ಟಿ ಸುಟ್ಟ ಆ ಕಮಟು ವಾಸನೆಗೆ ನನ್ನ ಜೊತೆಯ ಟೀಚರುಗಳು ಮೂಗಿಗೆ ಸೆರಗು ಹಿಡಿದು ಬಿರಬಿರನೆ ನಡೆಯುತ್ತಾರೆ. ನನ್ನ ಕಾಲು ಮಾತ್ರ ನಿಧಾನವಾಗುತ್ತದೆ. ಗುರುಗುಂಟಾದಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ನಮ್ಮ ಊರು, ಊರ ಹೊರಗಿನ ನಮ್ಮ ಕೇರಿ, ಕೇರಿಯ ಕೊನೆಗಿದ್ದ ನಮ್ಮ ಮನೆ ಕಣ್ಣ ಮುಂದೆ ಬರುತ್ತವೆ. ಈಗ ಅಲ್ಲಿ ಮನೆಯಿಲ್ಲ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ಬಿದ್ದ ಗೋಡೆಯ ಮಣ್ಣನ್ನು ಯಾರೋ ತಮ್ಮ ಹೊಲಕ್ಕೆ ಹೇರಿಕೊಂಡು ಹೋದರು. ನೀವೂ ಇಂಥದ್ದೊಂದು ಮನೆ ಕಳೆದುಕೊಂಡವರಾದರೆ ನನ್ನ ಸಂಕಟ ನಿಮಗೆ ತಿಳಿದೀತು. ಆದರೆ ಬಾಲ್ಯವೆಂದರೆ ಸಿಹಿ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಹೋಳಿ ಮುಗಿದು ಯುಗಾದಿ ಬರುವುದರೊಳಗೆ ನಮ್ಮೂರಲ್ಲಿ ಕರುಗಳಿಗೆ ಬರೆ ಇಡುತ್ತಿದ್ದರು. ಊರ ದನವೆಲ್ಲ ಒಂದೇ ಹಿಂಡಾಗಿ ಗುಡ್ಡಕ್ಕೆ ಮೇಯಲು ಹೋಗುತ್ತಿದ್ದುದರಿಂದ ಯಾವುದು ಯಾರದೆಂದು ತಿಳಿಯಲು ತೊಡೆಯ ಮೇಲೆ ಮನೆಯ ಗುರುತು ಬೇಕಿತ್ತು. ಅದಕ್ಕೊಂದು ಕಟ್ಟಳೆಯೂ ಇತ್ತು. ತನ್ನ ಕರುವಿಗೆ ತಾನೇ ಬರೆ ಇಡುವಂತಿಲ್ಲ, ನೆರೆಯವನು ಬಂದು ಇಡಬೇಕು. ನಾಳೆ ತಕರಾರು ಬಂದರೆ ಅವನೇ ಸಾಕ್ಷಿ. ಇಟ್ಟವನು ಆ ಮನೆಯಲ್ಲಿ ಕೂತು ಹುಗ್ಗಿ ಉಂಡೇ ಹೋಗಬೇಕು, ಇಲ್ಲದಿದ್ದರೆ ಬರೆ ನಂಜಾಗುತ್ತದೆ ಎನ್ನುತ್ತಿದ್ದರು. ಕಾದ ಕಬ್ಬಿಣ ಹಿಡಿಯುವವರು ಯಾರೇ ಇರಲಿ, ಕರು ಹಿಡಿಯಲು ಎಲ್ಲರಿಗೂ ನನ್ನ ಅಪ್ಪನೇ ಬೇಕು. ಅಪ್ಪ ಕರುವಿನ ಕಿವಿ ಸವರುತ್ತ, ಏನೋ ಗುನುಗುತ್ತ, ಮುಂಗಾಲು ಮಡಿಸಿ ಮೆತ್ತಗೆ ಮಲಗಿಸುತ್ತಿದ್ದ. ಕಬ್ಬಿಣ ಕಾಣದಂತೆ ಅದರ ಕಣ್ಣಿಗೆ ಅಂಗೈ ಮುಚ್ಚುತ್ತಿದ್ದ. ಒದೆತ ತಿಂದು ಅವನ ಪಕ್ಕೆ ನೀಲಿಗಟ್ಟಿರುತ್ತಿತ್ತು. ಎಲ್ಲರಿಗಿಂತ ಹೆಚ್ಚು ದನವಿದ್ದ ಅಮರಪ್ಪ ಸಾವಕಾರರ ಮನೆಯಲ್ಲಂತೂ ಬೆಳಗಿನಿಂದ ಸಂಜೆಯವರೆಗೆ ದುಡಿತ. ಉಳಿದವರಿಗೆ ಪಡಸಾಲೆಯಲ್ಲಿ ಊಟ. ಅಪ್ಪನಿಗೆ ಕೊಟ್ಟಿಗೆಯಲ್ಲಿ, ಮುತ್ತಲ ಎಲೆಯ ಮೇಲೆ, ಎತ್ತರದಿಂದ ಸುರಿದ ಹುಗ್ಗಿ. ಅಪ್ಪ ಅದನ್ನು ಹೊಗಳುತ್ತಲೇ ಮನೆಗೆ ಬರುತ್ತಿದ್ದ, ಅವ್ವ ಕೇಳಿಯೂ ಕೇಳದಂತೆ ಇರುತ್ತಿದ್ದಳು.

ಅವ್ವನಿಗೆ ಪಾಮನಕಲ್ಲೂರಿನ ತವರಿನಿಂದ ಬಂದ ಆಕಳು ಒಂದು ವರ್ಷ ಕೆಂಚು ಬಣ್ಣದ ಹೆಣ್ಣುಗರು ಹಾಕಿತು. ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಕರು ಅದು, ಬರೆ ಇಡುವ ಕಬ್ಬಿಣವೂ ನಮ್ಮಲ್ಲಿರಲಿಲ್ಲ. ಕೆಂಚಿ ಎಂದು ಕರೆದೆವು. ಬರೆ ಇಡುವ ದಿನ ಅವ್ವ ನಸುಕಿಗೇ ಎದ್ದು ಅಂಗಳ ಸಾರಿಸಿ, ಗೋಧಿ ಕುಟ್ಟಿ, ಬೆಲ್ಲ ಹಾಕಿ, ತುಪ್ಪ ಬಿಟ್ಟು ದೊಡ್ಡ ಬೋಗುಣಿ ತುಂಬ ಹುಗ್ಗಿ ಮಾಡಿದಳು. ಅಪ್ಪ ಕೆಂಡ ಮಾಡಿದ. ನಮ್ಮ ಕೇರಿಯವರ ಸಾಕ್ಷಿ ಊರಲ್ಲಿ ನಡೆಯುತ್ತಿರಲಿಲ್ಲ, ಹಾಗಾಗಿ ನಾನು ಊರೊಳಗೆ ಮನೆಮನೆಗೆ ಹೋಗಿ ಕರೆದು ಬಂದೆ. ಎಲ್ಲರೂ ಬರುತ್ತೇವೆಂದರು. ಬಿಸಿಲು ನೆತ್ತಿಗೆ ಬಂದರೂ ಯಾರ ಸುಳಿವೂ ಇಲ್ಲ. ಕೆಂಡ ಆರದಂತೆ ನಾನು ಸೆಗಣಿಯ ಕುಳ್ಳು ಇಡುತ್ತಲೇ ಇದ್ದೆ. ಅಪ್ಪ ಮತ್ತೆ ಕಳಿಸಿದ. ಈ ಸಲ ಅಮರಪ್ಪ ಸಾವಕಾರರು ತಮ್ಮ ಮನೆಯ ಅರ್ಧಚಂದ್ರದ ಕಬ್ಬಿಣವನ್ನು ತಂದು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟರು.

“ಇದನ್ನ ಒಯ್ಯಿ. ನಿಮ್ಮಪ್ಪಗ ಹೇಳು, ತಾನ ಇಟ್ಕೊಳ್ಳಲಿ. ಯಾರ ಕೇಳಾಕ ಬರ್ತಾರ?”

ಬರೆ ಇಡಲು ಯಾರಿಗೂ ಅಡ್ಡಿಯಿರಲಿಲ್ಲ. ನಮ್ಮ ಮನೆಯ ಹುಗ್ಗಿ ಉಣ್ಣಬೇಕಲ್ಲ, ಅದು ಗಂಟಲಲ್ಲಿ ಸಿಕ್ಕಿತ್ತು. ನನಗೆ ತಡವಾಗಿ ತಿಳಿಯಿತು, ಅವ್ವನಿಗೆ ಕಬ್ಬಿಣ ನೋಡಿದ ಕೂಡಲೇ ತಿಳಿಯಿತು. ಅವಳು ಬೋಗುಣಿ ಎತ್ತಿಕೊಂಡು ಹೋಗಿ ಹುಗ್ಗಿಯನ್ನೆಲ್ಲ ಆಕಳ ಮುಂದೆ ಸುರಿದಳು. ನಾನೂ ಅವ್ವನೂ ಕೆಂಚಿಯನ್ನು ಹಿಡಿದೆವು, ಅಪ್ಪ ಬರೆ ಇಟ್ಟ. ಸಾವಕಾರರ ದನದಿಂದ ಬೇರೆ ಕಾಣಲೆಂದು ಅರ್ಧಚಂದ್ರದ ಕೆಳಗೆ ಕುಡುಗೋಲಿನ ತುದಿ ಕಾಯಿಸಿ ಒಂದು ಚುಕ್ಕಿ ಇಟ್ಟ. ಕರು ಅರಚುತ್ತಿದ್ದಂತೆ ಅಪ್ಪ ಕುಡುಗೋಲು ಎಸೆದು ಅದರ ಕಣ್ಣಿಗೆ ಅಂಗೈ ಮುಚ್ಚಿದ. ಊರಿನ ಅಷ್ಟು ಕರು ಹಿಡಿದ ಕೈ ಅದು.

ಕೆಂಚಿ ಹಾಲು ಬಿಟ್ಟು, ಬೆಳೆದು, ಹಿಂಡಿನೊಂದಿಗೆ ಗುಡ್ಡಕ್ಕೆ ಹೋಗತೊಡಗಿತು. ಒಂದು ಸಂಜೆ ಮನೆಗೆ ಬರಲಿಲ್ಲ. ಹೋಗಿ ನೋಡಿದರೆ ಸಾವಕಾರರ ಕೊಟ್ಟಿಗೆಯಲ್ಲಿ ಕಟ್ಟಿತ್ತು. ಅರ್ಧಚಂದ್ರ ಇದೆಯಲ್ಲ, ನಮ್ಮದೇ ಎಂದರು ಅವರ ಮಕ್ಕಳು. ಊರಕಟ್ಟೆಯಲ್ಲಿ ಹಿರಿಯರು ಸೇರಿದರು. ಚುಕ್ಕಿಯ ಮೇಲೆ ಕೂದಲು ಬೆಳೆದಿತ್ತು, ಉಣ್ಣೆಹುಳ ಕಚ್ಚಿದ ಕಲೆಯೂ ಇರಬಹುದೆಂದರು. ಅವ್ವ ಸಾಕ್ಷಿಗೆಂದು ಕೆಂಚಿಯ ತಾಯಿ ಆಕಳನ್ನೇ ಹೊಡೆದುಕೊಂಡು ಬಂದಳು. ಜನ ನಕ್ಕರು. ಕಬ್ಬಿಣ ತಂದವಳು ನಾನೇ ಎಂದು ಹೇಳಹೋದರೆ ಹೆಣ್ಣುಹುಡುಗಿಗೆ ಇಲ್ಲೇನು ಕೆಲಸ ಎಂದು ಗದರಿದರು. ಕೊನೆಗೆ ಒಬ್ಬರು ಕೇಳಿದರು.

“ಬರಿ ಇಟ್ಟಾವರು ಯಾರಪಾ?”

“ನಾನ ಇಟ್ಟೀನ್ರಿ,” ಎಂದ ಅಪ್ಪ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ನೀವೇ ಹೇಳಿ ಕಳಿಸಿದ್ದಿರಲ್ಲ ಎಂದು ಸಾವಕಾರರ ಕಡೆ ತಿರುಗಿದ. ತಮಗೆ ಅಂಥದ್ದೇನೂ ನೆನಪಿಲ್ಲ ಎಂದರು ಅವರು. ಅಲ್ಲಿಗೆ ಮುಗಿಯಿತು.

ಈಗ ನನ್ನ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇದೆ. ದಿನಾ ಅದರ ಮುಂದೆ ಕೂತು ಸಿಟ್ಟು ಬಿಡಬೇಕೆಂದುಕೊಳ್ಳುತ್ತೇನೆ. ಬಿಡಲು ಆಗುತ್ತಿಲ್ಲ. ಎಮ್ಮೆಯೋ ಆಕಳೋ ಹೋದದ್ದಕ್ಕೆ ಇಷ್ಟು ಸಿಟ್ಟೇ ಎಂದು ನನ್ನ ಮಗಳು ಕೇಳುತ್ತಾಳೆ. ಅವಳಿಗೆ ನಾನು ಮುಂದಿನದನ್ನು ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಕೆಲವು ವರ್ಷಗಳ ಮೇಲೆ ಕೆಂಚಿ ಸಾವಕಾರರ ಕೊಟ್ಟಿಗೆಯಲ್ಲಿ ಕರು ಹಾಕಿತು. ಹೋಳಿ ಮುಗಿದ ಮೇಲೆ ಕರು ಹಿಡಿಯಲು ಅಪ್ಪನಿಗೆ ಕರೆ ಬಂತು. ಹೋಗಬೇಡ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಬೇರೆಯವರು ಹಿಡಿದರೆ ಒದ್ದಾಡಿ ಕಾಲು ಮುರಿದುಕೊಂಡೀತು, ನಮ್ಮ ಕೆಂಚಿಯ ಕೂಸಲ್ಲವೇ ಎಂದು ಅಪ್ಪ ಅವಳನ್ನು ಸರಿಸಿ ಹೊರಟ. ನಾನು ಅವನ ಬೆನ್ನಿಗೇ ಹೋದೆ. ಕರುವನ್ನು ಮಲಗಿಸಿ, ಕಣ್ಣು ಮುಚ್ಚಿ ಹಿಡಿದು ಕೂತಾಗ, ಗೂಟಕ್ಕೆ ಕಟ್ಟಿದ್ದ ಕೆಂಚಿ ಹಗ್ಗ ಜಗ್ಗಿ ಕತ್ತು ಚಾಚಿ ಅಪ್ಪನ ಹೆಗಲು ನೆಕ್ಕತೊಡಗಿತು. ಎಲ್ಲರೂ ನೋಡಿದರು. ಕಾದ ಕಬ್ಬಿಣ ಹಿಡಿದು ಬಂದ ನೆರೆಯವನೂ ನಿಂತುಬಿಟ್ಟ. ಸಾವಕಾರರು ಪಡಸಾಲೆಯಿಂದಲೇ ನಕ್ಕರು.

“ಇನ್ನೂ ನಿನ್ನ ಗುರ್ತಾ ಹಿಡಿತೈತಲ್ಲೋ ಇದು!”

ಅಪ್ಪ ತಲೆ ಎತ್ತಲಿಲ್ಲ. “ಕಬ್ಬಿಣ ಆರ್ತೈತ್ರಿ,” ಎಂದ, “ಲಗೂನ ಇಡ್ರಿ.”