ಎರಡು ಮೊಳ ಎದೆಬಡಿತ

ಬಲಗೈಯ ಮೂರು ಬೆರಳುಗಳು ಕೆಲಸವಿಲ್ಲದಾಗಲೆಲ್ಲ ತಾವಾಗಿಯೇ ಹೋಗಿ ಎಡಗೈಯ ಮಣಿಕಟ್ಟಿನ ಮೇಲೆ ಕೂಡುವುದನ್ನು ನೀವು ಯಾರಲ್ಲಾದರೂ ಕಂಡಿದ್ದರೆ, ಆತ ನನ್ನ ಪಂಗಡದವನೆಂದು ನಿಸ್ಸಂಶಯವಾಗಿ ತಿಳಿಯಿರಿ. ಬಸ್ಸಿಗೆ ಕಾಯುವಾಗ, ಪುರಾಣ ಕೇಳುವಾಗ, ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತಾಗ ಕೂಡ ನಾನು ಗುಟ್ಟಾಗಿ ನಾಡಿ ಎಣಿಸುತ್ತಿರುತ್ತೇನೆ. ಸಾಹೇಬರು ಅದನ್ನು ವಿನಯವೆಂದು ಭಾವಿಸಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ಈ ಚಟಕ್ಕೊಂದು ಚರಿತ್ರೆಯಿದೆ. ಸುರಪುರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಉರ್ದುವಿನಲ್ಲಿ ಕಡತ ಬರೆದ ಗುಮಾಸ್ತ ನಾನು. ಕನ್ನಡದಲ್ಲೇ ಉಂಡು, ಕನ್ನಡದಲ್ಲೇ ಬೈಸಿಕೊಂಡು ಬೆಳೆದವನಾದರೂ ಅದರ ಅಕ್ಷರಗಳೊಂದಿಗೆ ನನಗೆ ಮುಖಪರಿಚಯವೂ ಇರಲಿಲ್ಲ. ನಮ್ಮ ಸೀಮೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ, ಇನ್ನು ಕನ್ನಡ ಕಲಿಯದೆ ಗತ್ಯಂತರವಿಲ್ಲವೆಂದು ಸಾಹೇಬರು ಹೇಳಿದಾಗ ನನ್ನ ಎದೆಯೊಳಗೆ ಏನೋ ಧಡಕ್ಕೆಂದಿತು. ಶಿರವಾಳದ ತವರಿನಲ್ಲಿ ಮಠದ ಅಯ್ಯನವರ ಬಳಿ ಅಕ್ಷರ ಕಲಿತಿದ್ದ ಹೆಂಡತಿ ನೀಲಮ್ಮ ಮಾತ್ರ ಸಂಭ್ರಮದಿಂದ ಪಾಟಿ ಬಳಪ ತಂದು ಮುಂದಿಟ್ಟಳು. ಕಾಗುಣಿತಕ್ಕೆ ಬರುವಷ್ಟರಲ್ಲಿ ಧಡಧಡ ಹೆಚ್ಚಿತು. ಎದೆಯೇ ನಿಲ್ಲುವುದಾದರೆ ಒತ್ತಕ್ಷರ ಕಟ್ಟಿಕೊಂಡು ಮಾಡುವುದೇನೆಂದು ನಾನು ಪಾಟಿಯನ್ನು ಮೂಲೆಗಿಟ್ಟೆ.

ಮೊದಲು ಶಹಾಪುರದ ಹಕೀಮರು ನನ್ನ ನಾಡಿ ಹಿಡಿದು ಕಣ್ಣು ಮುಚ್ಚಿದರು. ಅವರು ಕಣ್ಣು ತೆರೆಯುವವರೆಗೆ ಧ್ಯಾನವೋ ನಿದ್ರೆಯೋ ತಿಳಿಯಲಿಲ್ಲ. ಆಮೇಲೆ ಯಾದಗಿರಿಯ ಡಾಕ್ಟರು ನಮ್ಮವರು ಸಂತೆಯಲ್ಲಿ ಕಲ್ಲಂಗಡಿ ನೋಡುವ ಹಾಗೆ ನನ್ನ ಎದೆಯನ್ನು ತಟ್ಟಿ, ಕೊಳವೆಯಿಟ್ಟು ಆಲಿಸಿ, "ಸಪ್ಪಳೇನೋ ಛಲೋನೇ ಅದ. ಆದ್ರೂ ನಿಮ್ಮ ಮನಸ್ಸಿನ ಸಲುವಾಗಿ ಯಂತ್ರದಾಗ ನೋಡಿಸ್ರಿ ಮುನ್ಶೀಜಿ. ಕೊಯ್ಯೂದಿಲ್ಲ, ಚುಚ್ಚೂದಿಲ್ಲ. ರಾಜ್ಯ ಬ್ಯಾರೆ ಆದ್ರೂ ಯಂತ್ರ ಇನ್ನಾ ಹೈದರಾಬಾದ್‌ನಾಗೇ ಅದ" ಎಂದರು.

ನೀಲಮ್ಮನೂ ನಾನೂ ಹೈದರಾಬಾದಿಗೆ ಹೋದೆವು. ಕೈಕಾಲಿಗೆ ಪಟ್ಟಿ ಬಿಗಿದು, ತಣ್ಣನೆಯದೇನನ್ನೋ ಹಚ್ಚಿ, ತಂತಿ ಸಿಕ್ಕಿಸಿ ನನ್ನನ್ನು ಮಲಗಿಸಿದರು. ಕರೆಂಟು ಬಿಡುತ್ತಾರೆಂಬ ಭಯದಲ್ಲಿ ನಾನು ಮನೆದೇವರನ್ನೆಲ್ಲ ಕರೆಯುತ್ತಿರುವಾಗಲೇ ಯಂತ್ರದ ಮುಳ್ಳು ಕಾಗದದ ಮೇಲೆ ಗೀಚತೊಡಗಿತ್ತು. ಈ ಯಂತ್ರ ನಿಮಗೆ ಏನನ್ನೂ ಕೊಡುವುದಿಲ್ಲ, ನಿಮ್ಮ ಎದೆ ಹೇಳಿದ್ದನ್ನು ಬರೆದುಕೊಳ್ಳುತ್ತದೆ ಅಷ್ಟೇ ಎಂದು ಅಲ್ಲಿಯವರು ನಕ್ಕರು. ನನ್ನ ಎದೆಯೂ ಒಬ್ಬ ಗುಮಾಸ್ತನಿಗೆ ಹೇಳಿ ಬರೆಸುತ್ತಿದೆಯೆಂದು ತಿಳಿದ ಮೇಲೆ ಜೀವಕ್ಕೆ ಸ್ವಲ್ಪ ಹಾಯೆನಿಸಿತು. ಎರಡು ಮೊಳದ ಆ ಕಾಗದವನ್ನು ಮಡಿಸಿ, ನನಗೆ ಓದಲು ಬಾರದ ಇಂಗ್ಲಿಷ್ ಚೀಟಿಯೊಂದರ ಜೊತೆ ಲಕೋಟೆಗೆ ಹಾಕಿ ಕೈಗಿತ್ತು, ನಿಮ್ಮ ಡಾಕ್ಟರಿಗೇ ತೋರಿಸಿ ಎಂದರು.

ತೋರಿಸುವವರೆಗೆ ತಾಳುವ ಜೀವವೇ ಇದು? ರೈಲಿನಲ್ಲಿ ನೀಲಮ್ಮ ಕಿಟಕಿಗೊರಗಿ ತೂಕಡಿಸುತ್ತಿದ್ದಾಗ ಕಾಗದ ಬಿಚ್ಚಿದೆ. ಮೊದಲಿಗೆ ಗೆರೆಯ ಶಿಖರಗಳು ದೂರದೂರ, ಸಾವಧಾನವಾಗಿ ನಿಂತಿದ್ದವು. ಮುಂದೆ ಹೋದಂತೆ ಹತ್ತಿರವಾಗಿ, ಕಡೆಗೆ ಒಂದರ ಮೇಲೊಂದು ಬೀಳುವಂತೆ ಮುಗಿಬಿದ್ದಿದ್ದವು. ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಗೀಟು, ನಂತರ ಎರಡು, ನಂತರ ಒಂದೇ ಒಂದು. ನನಗೆ ಉಳಿದ ಆಯುಷ್ಯವನ್ನು ಎಣಿಸಿ ತೋರಿಸಿದ್ದಾರೆಂದು ನನಗೆ ಖಾತ್ರಿಯಾಯಿತು. ಬೆವರೊರೆಸಿಕೊಂಡು, ನನ್ನ ನಂತರ ಯಾವ ಹೊಲವನ್ನು ಯಾರಿಗೆ ಪಾಲಿಗೆ ಕೊಡಬೇಕು, ಹಿರಿ ಮಗಳಿಗೆ ಎಂಥ ವರ ನೋಡಬೇಕು ಎಂಬುದನ್ನೆಲ್ಲ ಲಕೋಟೆಯ ಹಿಂದೆ ಬರೆದಿಟ್ಟೆ.

ಯಾದಗಿರಿಯಲ್ಲಿ ಇಳಿದರೆ ಡಾಕ್ಟರು ರೋಗಿಯೊಬ್ಬನನ್ನು ನೋಡಲು ರಾಮಸಮುದ್ರಕ್ಕೆ ಹೋಗಿದ್ದರು. ಅವರ ಮನೆಯ ಕಟ್ಟೆಯ ಮೇಲೆ ಕುಳಿತೆವು. ನೀಲಮ್ಮ ಬುತ್ತಿ ಬಿಚ್ಚಿದಳು. ನಾನು ರೊಟ್ಟಿಯನ್ನೂ ಅದರ ಮೇಲಿನ ಶೇಂಗಾ ಚಟ್ನಿಪುಡಿಯನ್ನೂ ಪಕ್ಕಕ್ಕೆ ಸರಿಸಿದೆ.

"ಏನ್ರೀ, ಶೇಂಗಾ ಹಿಂಡಿ ಬಿಟ್ಟೀರಿ ಅಂದ್ರ ಖರೇನೇ ಏನೋ ಆಗ್ಯಾದ. ಹೇಳ್ರಿ."

ನಾನು ಲಕೋಟೆಯನ್ನು ಅವಳ ಕೈಗಿತ್ತು ಮುಖ ತಿರುಗಿಸಿದೆ. ಅವಳು ಅದನ್ನು ಅತ್ತ ತಿರುವಿ ಇತ್ತ ತಿರುವಿ ನೋಡಿದಳು.

"ಉರ್ದುದಾಗ ಬರದೀರಿ. ನಾ ಹೆಂಗ ಓದಲಿ? ನಿಮ್ಮ ಸಾಹೇಬರಿಗಿ ಬರದೀರೇನು?"

ಇಪ್ಪತ್ತು ವರ್ಷ ಜೊತೆಗೆ ಬಾಳಿದವಳಿಗೆ ನನ್ನ ಕಡೆಯ ಮಾತನ್ನು ಅವಳು ಓದಲಾರದ ಲಿಪಿಯಲ್ಲಿ ಬರೆದಿದ್ದೆ! ಮರಣಭಯಕ್ಕಿಂತ ಆ ನಾಚಿಕೆಯೇ ನನ್ನನ್ನು ಹೆಚ್ಚು ಚುಚ್ಚಿತು. ಕಡೆಗೆ ಕಾಗದದ ಮಡಿಕೆ ಬಿಡಿಸಿ, ಬಲತುದಿಯಿಂದ ಬೆರಳಾಡಿಸುತ್ತ ನನ್ನ ಅವಸಾನವನ್ನು ಸವಿಸ್ತಾರವಾಗಿ ವಿವರಿಸಿದೆ. ಅವಳು ಕೇಳಿದಳು, ಬಗ್ಗಿ ನೋಡಿದಳು, ಆಮೇಲೆ ನನ್ನ ಬೆರಳನ್ನೇ ಹಿಡಿದು ಎಡತುದಿಗೆ ತಂದಿಟ್ಟಳು.

"ಒಂದು ಗೀಟು ಇಲ್ಲಿ ಅದ. ಎರಡು ಇಲ್ಲಿ, ಮೂರು ಅಲ್ಲಿ. ಲೆಕ್ಕ ಯಾವ ಕಡಿಂದ ಶುರು ಆತ್ರೀ? ಇದು ಬಲದಿಂದ ಓದೂ ನಿಮ್ಮ ಕಚೇರಿ ಉರ್ದು ಕಡತ ಅಲ್ಲ. ಮೊದಲ ಹೆದರೀರಿ, ಆಮ್ಯಾಲ ಸುಧಾರಿಸ್ಕೊಂಡೀರಿ. ಅಷ್ಟೇ ಬರದದ ಇದರಾಗ."

ಅಷ್ಟರಲ್ಲಿ ಬಂದ ಡಾಕ್ಟರು ಕಾಗದವನ್ನೂ ಅದರ ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನೂ ನೋಡಿ, "ದಿಲ್ ಗಟ್ಟಿ ಅದರೀ ಮುನ್ಶೀಜಿ. ಚಹಾ ಕಡಿಮಿ ಮಾಡ್ರಿ, ಚಿಂತಿನೂ ಕಡಿಮಿ ಮಾಡ್ರಿ" ಎಂದರು. ನನ್ನ ವಾಚನಪದ್ಧತಿಯನ್ನು ನೀಲಮ್ಮ ವರ್ಣಿಸಿದಾಗ ಅವರು ನಕ್ಕ ನಗೆಗೆ ಕಟ್ಟೆಯ ಮೇಲಿದ್ದ ಕೆಮ್ಮಿನ ರೋಗಿ ಕೂಡ ಕೆಮ್ಮು ಮರೆತ.

ಒಂದೇ ಎದೆ, ಒಂದೇ ಬರಹ. ಬಲಗಡೆಯಿಂದ ಓದಿದಾಗ ಮೃತ್ಯುಪತ್ರವಾಗಿದ್ದದ್ದು ಎಡಗಡೆಯಿಂದ ಓದಿದಾಗ ಆರೋಗ್ಯಪತ್ರವಾಯಿತು. ಆ ಯಂತ್ರ ನನ್ನ ಹೃದಯವನ್ನು ಪರೀಕ್ಷಿಸಿತು, ನಿಜ; ನನ್ನ ಕಣ್ಣನ್ನು ಪರೀಕ್ಷಿಸಿದವಳು ನೀಲಮ್ಮ. ಮರುದಿನವೇ ಮೂಲೆಯಿಂದ ಪಾಟಿ ತೆಗೆದು ಅವಳ ಮುಂದೆ ಕುಳಿತೆ.

ಚಿಂತೆ ನನ್ನನ್ನು ಪೂರ್ತಿ ಬಿಟ್ಟಿದೆಯೆಂದು ಹೇಳಿದರೆ ನೀವೂ ನಂಬಲಾರಿರಿ. ನಾಡಿ ಎಣಿಸುವ ಚಪಲ ಈಗಲೂ ಇದೆ. ಆದರೆ ಎಣಿಸಬೇಕಾದ ಬೆರಳುಗಳು ಇಗೋ, ಕಳೆದ ಒಂದು ಗಂಟೆಯಿಂದ ಲೇಖನಿ ಹಿಡಿದು ಎಡದಿಂದ ಬಲಕ್ಕೆ ನಡೆಯುತ್ತಿವೆ. ಪಕ್ಕದಲ್ಲಿ ಕುಳಿತ ನೀಲಮ್ಮ ಒತ್ತಕ್ಷರಗಳನ್ನು ತಿದ್ದುತ್ತಿದ್ದಾಳೆ. ಎಡಗೈ ಮಣಿಕಟ್ಟು ಮೇಜಿನ ಮೇಲೆ ಒಂಟಿಯಾಗಿ ಬಿದ್ದಿದೆ. ಅದರೊಳಗಿನದು ಯಾರೂ ಎಣಿಸದಿದ್ದರೂ ತನ್ನ ಪಾಡಿಗೆ ಬಡಿದುಕೊಳ್ಳುತ್ತಿರಬೇಕು.