ಆಯಿ ಹೇಳಬ್ಯಾಡ ಅಂದ ಹಾದಿ

ಮೊನ್ನೆ ಮನಿಯಾಕಿ ತನ್ನ ಮೊಣಕಾಲು ನೋವಿಗಂತ ಗಂಗಾವತಿಯ ಅಂಗಡಿಯೊಂದರಿಂದ ಬೇರಿನ ಪುಡಿ ತರಿಸಿದಳು. ಡಬ್ಬಿ ಮ್ಯಾಲ ‘ಗುಡ್ಡದ ಅಪ್ಪಟ ಬೇರು’ ಅಂತ ಬರದಿತ್ತು. ಮುಚ್ಚಳ ತೆಗೆದದ್ದೇ ತಡ, ಹಸಿಮಣ್ಣು, ಹಳೇ ಬೆಲ್ಲ ಕೂಡಿದಂಥ ಒಗರು ವಾಸನಿ ಅಡಿಗಿಮನಿ ತುಂಬ ಹಬ್ಬಿತು. ನಾನು ಎದ್ದು ಹೊರಗ ಹೋದೆ. ಪುಡಿ ಕೆಟ್ಟಿರಲಿಲ್ಲ, ಛಲೋನ ಇತ್ತು. ಹೇಸಿಗಿ ಬಂದದ್ದು ನನ್ನ ಮ್ಯಾಲ ನನಗ.

ಆ ವಾಸನಿ ನಾನು ಮೊದಲು ಮೂಸಿದ್ದು ಯಲಬುರ್ಗಾ ಕಡೆಯ ಒಂದು ಗುಡ್ಡದಾಗ, ಒಬ್ಬ ಮುದುಕಿಯ ಅಂಗೈಯಾಗ. ಊರವರೆಲ್ಲ ಆಕಿಗೆ ಬೇರಿನ ಆಯಿ ಅಂತಿದ್ರು. ಕುರಿ ಕಾಯೋ ಮನೆತನ. ಈಯೋ ಕುರಿ ಒದ್ದಾಡಿದ್ರ, ಬಾಣಂತಿಗೆ ಹಾಲು ಬತ್ತಿದ್ರ, ಆಯಿ ಗುಡ್ಡ ಹತ್ತಿ ಒಂದು ಬೇರು ತಂದು ತೇಯ್ದು ಕೊಡತಿದ್ಲು. ಆ ಬೇರಿನ ಹೆಸರು ಇಲ್ಲಿ ಬರಿಯೋದಿಲ್ಲ, ಊರಿನ ಹೆಸರೂ ಬರಿಯೋದಿಲ್ಲ. ಒಮ್ಮೆ ಬರದದ್ದು ಸಾಕು.

ನಾನಾಗ ಕುಷ್ಟಗಿಯಾಗ ಹೈಸ್ಕೂಲು ಮಾಸ್ತರ. ನಮ್ಮ ಸೀಮಿಯ ಗಿಡಮರ, ಗುಡ್ಡ, ನಡಾವಳಿ, ಹಳೇ ಸುದ್ದಿ ಎಲ್ಲ ಸೇರಿಸಿ ಒಂದು ಪುಸ್ತಕ ಮಾಡಬೇಕು ಅನ್ನೋ ಹುಚ್ಚು ಹಿಡಿದಿತ್ತು. ರವಿವಾರ ಬಂತಂದ್ರ ಗಾಡಿ ಹತ್ತಿ ಆಯಿ ಊರಿಗೆ. ಎರಡು ವರ್ಷ ಆಕಿ ಹಿಂದ ಅಡ್ಡಾಡಿದೆ. ಆಕಿ ಕಟಗೊಂಡು ಬಂದ ರೊಟ್ಟಿಯಾಗ ನನಗೂ ಅರ್ಧ ಪಾಲು. “ಉಣ್ಣಾಕರ ಬಿಡತೈತೇನ್ರಿ ಮಾಸ್ತರ ನಿಮ್ಮ ಪೆನ್ನು?” ಅಂತ ಚಾಷ್ಟಿ ಮಾಡತಿದ್ಲು.

ಬೇರು ಕೀಳಾಕ ಆಕಿದೊಂದು ರೀತಿ ಇತ್ತು. ಗುಡ್ಡ ಹತ್ತುವಾಗ ಬೇರಿನ ಹೆಸರು ಬಾಯಿಲೆ ಆಡಬಾರದು, ಬೆರಳು ಮಾಡಿ ತೋರಿಸಬಾರದು. ಗಿಡದ ಬುಡಕ್ಕ ಹಿಡಿ ಜೋಳ ಹಾಕಿ ಕೈ ಮುಗೀಬೇಕು. ಒಂದು ಗಿಡ ಕಿತ್ರ ಮಗ್ಗುಲಿನ ಎರಡು ಮುಟ್ಟಬಾರದು, ಕಿತ್ತ ಕುಣಿ ಬರಿಗೈಲೆ ಮುಚ್ಚಬೇಕು. ಒಂದು ದಿನ ನನ್ನ ಕೈಲೂ ಜೋಳ ಹಾಕಿಸಿದ್ಲು.

“ಈಗ ನೀವೂ ಕಾಳು ಹಾಕೀರಿ ಮಾಸ್ತರ, ಗುಡ್ಡಕ್ಕ ಮಾತು ಕೊಟ್ಟಂಗಾತು. ಬೇರಿನ ಗುಣ ಬೇಕಾದ್ರ ಬರಕೋರಿ. ಹಾದಿ ಮಾತ್ರ ಯಾರಿಗೂ ಹೇಳಬ್ಯಾಡ್ರಿ.”

“ಆತು ಆಯಿ” ಅಂದೆ. ಅವತ್ತು ಮನಸಿನಿಂದನ ಅಂದಿದ್ದೆ...

ಪುಸ್ತಕ ಬರದು ಮುಗೀತು. ಕರಡು ನೋಡಿದ ದೊಡ್ಡ ಮನುಷ್ಯರೊಬ್ಬರು, “ಎಲ್ಲ ಛಲೋ ಐತ್ರಿ, ಆದ್ರ ಇದು ಎಲ್ಲಿ ಸಿಗತೈತಿ ಅಂತ ಇಲ್ಲಲ್ಲ? ಸ್ಥಳ ಇಲ್ಲದ್ದು ಸಂಶೋಧನೆ ಹೆಂಗಾಗತೈತಿ?” ಅಂದ್ರು. ಸಂಶೋಧಕ ಅನ್ನಿಸಿಕೊಳ್ಳೋ ಚಟ ನೋಡ್ರಿ! ಕುಂತು ಬರದೇಬಿಟ್ಟೆ. ಹಳ್ಳ ಎಲ್ಲಿ ದಾಟಬೇಕು, ಯಾವ ಬಂಡೆಗಲ್ಲು ಬಲಕ್ಕ ಬಿಡಬೇಕು, ಅಲ್ಲಿಂದ ಎಷ್ಟು ಹೆಜ್ಜಿ. ಹೆಜ್ಜಿ ಸೈತ ಎಣಿಸಿಟ್ಟಿದ್ದೆ, ನಾಚಿಕಿಗೇಡಿ. ಮ್ಯಾಲೊಂದು ನಕಾಶಿನೂ ಹಾಕಿದೆ.

ಕೊಪ್ಪಳದಾಗ ಬಿಡುಗಡೆ ಆತು. ಶಾಲು, ಹಣ್ಣಿನ ಬುಟ್ಟಿ, ಮುಗೀಲಾರದ ಭಾಷಣ. ಮಾತಾಡಿದವರ್ಯಾರೂ ಪುಸ್ತಕ ತೆರೆದು ನೋಡಿರಲಿಲ್ಲ. ಆಯಿಯನ್ನೂ ವೇದಿಕಿ ಮ್ಯಾಲ ಕರದು ಶಾಲು ಹೊದಿಸಿದ್ವಿ. ಆಕಿಗೆ ಓದಾಕ ಬರತಿರಲಿಲ್ಲ, ಪುಸ್ತಕ ಕಣ್ಣಿಗೊತ್ತಿಕೊಂಡ್ಲು. ನಾನು ಮಗ್ಗುಲಾಗ ನಿಂತು ಫೋಟೋಕ್ಕ ಹಲ್ಲು ಕಿಸದೆ. ಥೂ!

ಮಳಿಗಾಲ ಮುಗಿದ ಮ್ಯಾಲ ಆ ಊರಿಗೆ ಎಲ್ಲಿಂದಲೋ ಟೆಂಪೋ ಬಂತು. ಬೇರಿನ ವ್ಯಾಪಾರದವರು. ಕೈಯಾಗ ನನ್ನ ಪುಸ್ತಕದ ಎರಡು ಪುಟದ ಜೆರಾಕ್ಸ್. ಯಾರನ್ನೂ ಹಾದಿ ಕೇಳಲಿಲ್ಲ, ಸೀದಾ ಗುಡ್ಡಕ್ಕ ಹೋಗಿ ಪಿಕಾಸಿಲೆ ಅಗದು ಚೀಲ ತುಂಬಿಕೊಂಡು ಹೋದ್ರು. ನನ್ನ ಪುಸ್ತಕಾನ ಮನಸಿಟ್ಟು ಓದಿದವರಂದ್ರ ಅವರೊಬ್ಬರ ಇರಬೇಕು. ಸುದ್ದಿ ತಿಳಿದು ಓಡಿಹೋದೆ. ಗುಡ್ಡದ ಆ ಮಗ್ಗುಲೆಲ್ಲ ಬರೇ ಕುಣಿ, ಬಾಡಿದ ಎಲಿ, ಗುಟಕಾ ಚೀಟಿ. ಒಂದಕ್ಕ ಎರಡು ಬಿಡೋದು ದೂರ ಉಳೀತು, ಬೆರಳುದ್ದದ ಸಸಿನೂ ಬಿಟ್ಟಿರಲಿಲ್ಲ.

ಆಯಿ ಅಲ್ಲೇ ಕುಂತು, ಒಂದೊಂದ ಕುಣಿಗೆ ಕೈಲೆ ಮಣ್ಣು ಎಳೀತಿದ್ಲು. ಸಾಲಿಗೆ ಹೋಗೋ ಮೊಮ್ಮಗಳು ಆಕಿಗೆ ಪುಸ್ತಕ ಓದಿ ಹೇಳಿದ್ಲಂತ.

“ಮಾಸ್ತರ, ಪುಸ್ತಕದಾಗ ಹಾದಿ ಐತಂತಲ್ರಿ... ನೀವು ಕಾಳು ಹಾಕಿದ್ರಲ್ರಿ?”

“ಪ್ರೆಸ್ಸಿನವರು ತಪ್ಪು ಮಾಡ್ಯಾರ ಆಯಿ. ಆ ಪುಟ ತಗೀರಿ ಅಂತ ನಾ ಹೇಳಿದ್ದೆ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ತೊದಲಲೂ ಇಲ್ಲ ನಾನು. ಆಕಿ ನಂಬಿಬಿಟ್ಲು. “ಪಾಪ, ಅವರಿಗೇನ್ ಗೊತ್ತು ಬಿಡ್ರಿ. ಬೇಕಂತ ಮಾಡಿರಂಗಿಲ್ಲ, ಅವರಿಗೆ ಬೈಬ್ಯಾಡ್ರಿ” ಅಂತ ನನಗ ಸಮಾಧಾನ ಹೇಳಿದ್ಲು. ಹೌದ್ರಿ, ನನಗ! ಆಮ್ಯಾಲ ಬುತ್ತಿ ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರದು ಕೊಟ್ಲು. ನಾನು ತಿಂದೆ.

ಮತ್ತ ಆ ಊರಿನ ಕಡೆ ಮುಖ ಹಾಕಲಿಲ್ಲ. ಮುಂದಿನ ವರ್ಷ ಈಯುವಾಗ ಎರಡು ಕುರಿ ಸತ್ವು, ಮಗ್ಗುಲಾಗ ಆಯಿ ಬರಿಗೈಲೆ ಕುಂತಿದ್ಲು ಅಂತ ಯಾರೋ ಹೇಳಿದ್ರು. ‘ಛೇ’ ಅಂದೆ, ಅಷ್ಟ. ಮೂರು ವರ್ಷದ ಹಿಂದ ಆಯಿನೂ ತೀರಿಕೊಂಡ್ಲು. ಮಣ್ಣಿಗೂ ಹೋಗಲಿಲ್ಲ ನಾನು.

ಮೊನ್ನೆ ಡಬ್ಬಿ ತೆಗೆದ ಮರುದಿನಾನ ಪ್ರಕಾಶಕ ಫೋನ್ ಮಾಡಿದ. ಪುಸ್ತಕ ಎರಡನೇ ಸಲ ಮುದ್ರಣ ಮಾಡ್ತೀವಿ ಅಂದ. ಆ ಎರಡು ಪುಟ ತಗೀರಿ ಅಂದೆ.

“ಈಗ ಅಲ್ಲಿ ಏನೂ ಉಳಿದಿಲ್ಲಲ್ರಿ ಸರ್. ಹಾದಿ ಇದ್ರ ಯಾರಿಗೇನು ಲುಕ್ಸಾನು?”

ಮೈಯೆಲ್ಲ ಉರೀತು. ಆದ್ರ ಅವನಿಗೆ ಬೈಯ್ಯಾಕ ನನಗ್ಯಾವ ಮುಖ ಐತಿ? ತಗೀಲೇಬೇಕು, ಆ ಜಾಗದಾಗ ನಾನು ಮಾತು ಮುರದದ್ದು, ಸುಳ್ಳು ಹೇಳಿದ್ದು ಹಾಕ್ರಿ ಅಂದೆ. ನಕ್ಕ. “ಅದನ್ಯಾರು ಓದ್ತಾರ್ರಿ ಸರ್” ಅಂದ.

ಅದಕ್ಕ ಇಲ್ಲಿ ಬರದೀನಿ. ತಿಳೀಬೇಕಾದಾಕಿ ಇಲ್ಲ. ಅವತ್ತು ಗುಡ್ಡದಾಗ ಎದುರಿಗೇ ಕುಂತಿದ್ಲು, ಬಾಯಿಬಿಟ್ಟು ಒಂದು ಮಾತು ಹೇಳಿದ್ರ ಆಗತಿತ್ತು... ಹೇಳಲಿಲ್ಲ. ಏನೂ ತಪ್ಪು ಮಾಡದ ಪ್ರೆಸ್ಸಿನವರನ್ನ ಕ್ಷಮಿಸಿ ಹೋದ್ಲು ಆಯಿ.